ಡ್ರ್ಯಾಗ್ ಬದುಕಿನ ಹಾಡುಗಳು ಹೆಚ್ಚಾಗಿ ಡಾನ್ಸ್-ಪಾಪ್ ಯಾಕೆ?
ಅವು ಕುಣಿಯುವ ಕ್ಲಬ್ಬುಗಳಲ್ಲಿ ಬೆಳೆದ ಹಾಡುಗಳು, ಅದಕ್ಕೆ. ಡ್ರ್ಯಾಗ್ ಅಂದರೆ ಹೆಚ್ಚಾಗಿ ಗಂಡಸರು ಹೆಣ್ಣಿನ ವೇಷ ತೊಟ್ಟು ವೇದಿಕೆಯಲ್ಲಿ ಮೆರೆಯುವ ಕಲೆ. ಬಹಳಷ್ಟು ಕಲಾವಿದರು ತಾವೇ ಹಾಡುವುದಿಲ್ಲ, ರೆಕಾರ್ಡಿಗೆ ತುಟಿ ಆಡಿಸುತ್ತಾರೆ. ಹಾಗಾಗಿ ಕಥೆಯನ್ನೆಲ್ಲ ಮೈಯೇ ಹೇಳಬೇಕು. ನಿಮಿಷಕ್ಕೆ ಸುಮಾರು 120 ಸಲ ಬೀಳುವ ಸಮನಾದ ಡ್ರಮ್ ಬೀಟ್ ಇದ್ದರೆ ನಡಿಗೆ, ತಿರುವು, ಕಣ್ಣೋಟ ಎಲ್ಲವೂ ತಾಳಕ್ಕೆ ಸರಿಯಾಗಿ ಕೂರುತ್ತವೆ. ಅಮೆರಿಕದ ಡ್ರ್ಯಾಗ್ ಕಲಾವಿದ ರೂಪಾಲ್ 1992ರಲ್ಲಿ ತಂದ ‘ಸೂಪರ್‌ಮಾಡೆಲ್’ ಕೇಳಿ, ಗೊತ್ತಾಗುತ್ತದೆ.

ಮುಂಬೈ ಕನ್ನಡಿಗರಿಗೆ ಇದು ತೀರಾ ಹೊಸದಲ್ಲ, ಅಲ್ವಾ? ಇಲ್ಲಿ ನಡೆಯುವ ಯಕ್ಷಗಾನದಲ್ಲೂ ಹಾಡುವವರು ಭಾಗವತರು. ಸ್ತ್ರೀವೇಷದ ಕಲಾವಿದರು ಮದ್ದಳೆಯ ನುಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಡ್ರ್ಯಾಗ್ ಹಾಡಿನಲ್ಲಿ ನೋವಿನ ಸಾಲು ಬಂದರೂ ಬೀಟ್ ನಿಲ್ಲುವುದಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಅದೇ.