ಬೇಸಿಗೆಯಲ್ಲಿ ಹಕ್ಕಿ ನೋಡಲು ಎಲ್ಲಿಗೆ ಹೋಗೋದು?

ಪ್ರಶ್ನೆ: ಏಪ್ರಿಲ್ ರಜೆ ಶುರುವಾಗಿದೆ. 9 ವರ್ಷದ ಮಗನಿಗೆ ಹಕ್ಕಿಗಳ ಹುಚ್ಚು. ಪಕ್ಷಿಧಾಮಕ್ಕೆ ಹೋಗೋಣ ಅಂದರೆ ಮನೆಯವರು, ‘ಬಿಸಿಲಲ್ಲಿ ಯಾವ ಹಕ್ಕಿ ಇರುತ್ತೆ? ಡಿಸೆಂಬರ್‌ಗೆ ನೋಡೋಣ’ ಅಂತಾರೆ. ನಿಜವೇ ಮೇಡಂ? ಒಂದೇ ದಿನದಲ್ಲಿ ಹೋಗಿಬರುವ ಜಾಗ ತಿಳಿಸಿ.
– ಒಬ್ಬ ತಾಯಿ, ವಿಜಯನಗರ, ಬೆಂಗಳೂರು

ಉತ್ತರ: ಮನೆಯವರ ಮಾತು ಅರ್ಧ ನಿಜ. ಚಳಿಗಾಲಕ್ಕೆ ಬಂದಿದ್ದ ಪಟ್ಟೆತಲೆ ಹೆಬ್ಬಾತುಗಳು ಇಷ್ಟೊತ್ತಿಗೆ ಹಿಮಾಲಯದಾಚೆಗೆ ಹೊರಟಿರುತ್ತವೆ. ಆದರೆ ಹಕ್ಕಿಗಳ ಬಾಣಂತನ ನೋಡಬೇಕೆಂದರೆ ಈಗಲೇ ಹೋಗಬೇಕು.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ. ನಮ್ಮೂರಿಂದ ಸುಮಾರು 80 ಕಿಲೋಮೀಟರ್. ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಹತ್ತಿರ ಎಡಕ್ಕೆ ತಿರುಗಬೇಕು. ಎಕ್ಸ್‌ಪ್ರೆಸ್‌ವೇಯಲ್ಲಿ ಮೈಮರೆತರೆ ಸೀದಾ ಮದ್ದೂರು ವಡೆಯೇ ಗತಿ. ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಕಾಡಲ್ಲಲ್ಲ, ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಹಸು ಮೆಲುಕು ಹಾಕುತ್ತಿದ್ದರೆ ಮೇಲೆ ಮರಿಗಳ ಗಲಾಟೆ.

ನಾನು ಮೊದಲ ಸಲ ಹೋದಾಗ ನೆರಳು ಸಿಕ್ಕಿತೆಂದು ಮರದಡಿಯೇ ನಿಂತೆ. ಸೀರೆ ಸೆರಗಿನ ತುಂಬ ಸುಣ್ಣ! ಜಗಲಿ ಮೇಲಿದ್ದ ಅಜ್ಜಿ, ‘ನಮ್ ಹೊಲಕ್ಕೆ ಬೀಳೋ ಗೊಬ್ಬರ ನಿನ್ ಮ್ಯಾಲೆ ಬಿತ್ತು ಕಣವ್ವ’ ಎಂದು ನಕ್ಕರು. ತಮಾಷೆಯಲ್ಲ, ಆ ಹಿಕ್ಕೆಯನ್ನು ಅಲ್ಲಿನವರು ನಿಜಕ್ಕೂ ಗೊಬ್ಬರ ಮಾಡುತ್ತಾರೆ. ಹುಣಸೆ ಫಸಲು ಹಾಳಾಗುವುದಕ್ಕೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರವನ್ನೂ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಊರವರೇ ಎತ್ತಿ ಸಾಕಿದ್ದುಂಟು.

ಬೆಳಿಗ್ಗೆ ಆರೂವರೆಗೆಲ್ಲ ಅಲ್ಲಿರಿ. ಆದರೆ ಬಿಸಿಲೇರಿತೆಂದು ತಕ್ಷಣ ಓಡಬೇಡಿ. ಹತ್ತು ಗಂಟೆ ಹೊತ್ತಿಗೆ ತಾಯಿ ಕೊಕ್ಕರೆ ರೆಕ್ಕೆ ಬಿಚ್ಚಿ ಮರಿಗಳಿಗೆ ಕೊಡೆ ಹಿಡಿಯುತ್ತದೆ. ಹೆಜ್ಜಾರ್ಲೆ ಕೊಕ್ಕಿನ ಕೆಳಗಿನ ಚೀಲವನ್ನು ಪಟಪಟ ಅದುರಿಸಿ ಮೈ ತಂಪು ಮಾಡಿಕೊಳ್ಳುತ್ತದೆ. ಕೊಕ್ಕರೆಯ ನಸುಗೆಂಪು ಕಾಲಿಗೆ ಸುಣ್ಣ ಬಳಿದಂತೆ ಕಂಡರೆ ಮಗನಿಗೆ ತೋರಿಸಿ: ಅದು ತನ್ನ ಕಾಲ ಮೇಲೆ ತಾನೇ ಹಿಕ್ಕೆ ಹಾಕಿಕೊಂಡಿದೆ, ಆರುವಾಗ ತಂಪಾಗುತ್ತದೆ! ಒಂಬತ್ತರ ಪೋರ ಇದೊಂದನ್ನು ಮಾತ್ರ ಜನ್ಮದಲ್ಲಿ ಮರೆಯುವುದಿಲ್ಲ.

ಇನ್ನೂ ಹುರುಪಿದ್ದರೆ ಊಟ ಮುಗಿಸಿ, ಮೂರು ಗಂಟೆ ಮೇಲೆ ಶ್ರೀರಂಗಪಟ್ಟಣದ ರಂಗನತಿಟ್ಟು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ ಜಾಗ. ದೋಣಿಯಲ್ಲಿ ಕೂತು ಕಾವೇರಿಯ ಬಂಡೆಗಳನ್ನು ದಿಟ್ಟಿಸಿ. ನದಿ ರೀವ ಎಂಬ ಹಕ್ಕಿ ಗೂಡೆಂದು ಏನೂ ಕಟ್ಟದೆ ಕಾದ ಬಂಡೆಯ ಮೇಲೇ ಮೊಟ್ಟೆಯಿಡುತ್ತದೆ. ಪಕ್ಕದ ಬಂಡೆಯಲ್ಲಿ ಮೊಸಳೆ ಬಾಯಿ ತೆರೆದು ಮಲಗಿರುತ್ತದೆ, ಮಗನ ಕೈ ದೋಣಿಯೊಳಗೇ ಇರಲಿ. ಅವನು ದಣಿದಿದ್ದರೆ ರಂಗನತಿಟ್ಟು ಇನ್ನೊಮ್ಮೆ ಆಗಲಿ, ಬೆಳ್ಳೂರಿನಿಂದಲೇ ವಾಪಸು ಬನ್ನಿ.

ದುರ್ಬೀನು ಇಲ್ಲದಿದ್ದರೂ ಬೆಳ್ಳೂರಿನಲ್ಲಿ ನಡೆಯುತ್ತದೆ, ಗೂಡುಗಳು ಅಷ್ಟು ಹತ್ತಿರ. ಮಜ್ಜಿಗೆ ಧಾರಾಳವಾಗಿ ಒಯ್ಯಿರಿ. ತಲೆಗೆ ಹಳೇ ಟೋಪಿ ಸಾಕು, ಹೊಸದು ಬೇಡ. ಯಾಕೆಂದು ನನ್ನ ಸೆರಗನ್ನು ಕೇಳಿ.