ಮಾತು ನಿಂತರೂ ಜಗಳ ನಿಲ್ಲದು

ಹೆಸರು ಬೇಡವೆಂದ ಓದುಗರೊಬ್ಬರ ಪತ್ರದ ಸಾರ: ಒಂದು ವರದಿಯ ವಿಷಯಕ್ಕೆ ಮೀಟಿಂಗ್‌ನಲ್ಲಿ ಸಹೋದ್ಯೋಗಿಯ ಜೊತೆ ಜಟಾಪಟಿಯಾಯಿತು. ಅಂದಿನಿಂದ ಮಾತಿಲ್ಲ, ಏನಿದ್ದರೂ ಇಮೇಲ್. "ಅವರಿಗೆ ಬೇಕಾದ ಮಾಹಿತಿ ನನ್ನಲ್ಲಿದ್ದರೂ ಕೇಳುವ ತನಕ ಕೊಡುವುದಿಲ್ಲ. ಮನೆಗೆ ಬಂದರೆ ಮಕ್ಕಳ ಮೇಲೆ ಸಿಡುಕುತ್ತೇನೆ. ಎಂಥ ಕೆಲಸದ ಹೊರೆಗೂ ಜಗ್ಗದವಳು ಇದಕ್ಕೆ ಕುಸಿದಿದ್ದೇನೆ. ನನ್ನ ಮನಸ್ಸು ಅಷ್ಟು ದುರ್ಬಲವೇ? ಕೆಲಸ ಬಿಡಲೇ?"

ಸಂಪಾದಕರ ಉತ್ತರ:

ದುರ್ಬಲವಲ್ಲ. ಹೊರೆ ತಡೆದುಕೊಳ್ಳುವುದೇ ಬೇರೆ, ಜಗಳ ತಡೆದುಕೊಳ್ಳುವುದೇ ಬೇರೆ. ಮನಶ್ಶಾಸ್ತ್ರಜ್ಞ ನಿಯಾಲ್ ಬೋಲ್ಜರ್ ಮತ್ತು ಸಂಗಡಿಗರು 1989ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 166 ದಂಪತಿಗಳು ಆರು ವಾರ ದಿನಚರಿ ಬರೆದಿದ್ದರು. ನಿತ್ಯದ ತಾಪತ್ರಯಗಳಲ್ಲಿ ಅವರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸಿದ್ದು ಜನರೊಂದಿಗಿನ ಜಗಳ. ಉಳಿದ ಬಹುತೇಕ ತೊಂದರೆಗಳು ಎರಡನೇ ದಿನವೂ ಬಂದಾಗ ಮನಸ್ಸು ಒಗ್ಗಿಕೊಂಡಿತ್ತು, ಜಗಳಕ್ಕೆ ಮಾತ್ರ ಒಗ್ಗಿರಲಿಲ್ಲ. ಹಾಗಾಗಿ "ಇಷ್ಟು ದಿನವಾದರೂ ಮರೆಯಲಾಗುತ್ತಿಲ್ಲವಲ್ಲ" ಎಂದು ನಿಮ್ಮನ್ನೇ ಹಳಿದುಕೊಳ್ಳಬೇಡಿ.

ನನ್ನನ್ನು ಕಾಡಿದ್ದು ಮಾಹಿತಿಯ ಕುರಿತು ನೀವು ಬರೆದ ಮಾತು. ಕಚೇರಿಯ ಘಟನೆಗಳು ಮೊದಲು ಭಾವನೆಯನ್ನು ಕೆರಳಿಸುತ್ತವೆ, ಆ ಭಾವನೆ ನಡವಳಿಕೆಯಾಗಿ ಹೊರಬರುತ್ತದೆ ಎಂದು ಸಂಶೋಧಕರಾದ ಹೊವಾರ್ಡ್ ವೈಸ್ ಮತ್ತು ರಸೆಲ್ ಕ್ರೊಪಾಂಜಾನೊ 1996ರಲ್ಲಿ ವಿವರಿಸಿದ್ದರು. ಹೊರಬರುವುದೆಂದರೆ ಕೂಗಾಟವೇ ಆಗಬೇಕಿಲ್ಲ. ಫೈಲ್ ತಡವಾಗಿ ಕಳಿಸುವುದು, ಗೊತ್ತಿದ್ದೂ ಸುಮ್ಮನಿರುವುದು, ಅವರಿರುವ ಮೀಟಿಂಗ್ ತಪ್ಪಿಸುವುದು, ಇಮೇಲ್‌ಗೆ ಮ್ಯಾನೇಜರರನ್ನೂ ಸೇರಿಸುವುದು. ಇದನ್ನು ನೀವು ಸಂಯಮ ಎಂದುಕೊಂಡಿರಬಹುದು. ಎದುರಿನವರ ಕಣ್ಣಿಗೆ ಅದು ಹಗೆಯಾಗಿಯೇ ಕಾಣುತ್ತದೆ, ಅವರೂ ಏನನ್ನೋ ತಡೆಹಿಡಿಯುತ್ತಾರೆ. ಈ ಸರಣಿಯನ್ನು ತುಂಡರಿಸಲು ಅವರ ಒಪ್ಪಿಗೆ ಬೇಕಿಲ್ಲ. ಅವರಿಗೆ ಬೇಕಾದ ಮಾಹಿತಿಯನ್ನು ನಾಳೆ ಕೇಳದೆಯೇ ಕಳಿಸಿ. ಕಹಿ ಅನಿಸುತ್ತದೆ, ಆದರೂ ಕಳಿಸಿ.

ಆಮೇಲೆ ಮಾತು. ಕೆಲಸದ ಬಗೆಗಿನ ಭಿನ್ನಮತವನ್ನೂ ವ್ಯಕ್ತಿಗಳ ನಡುವಿನ ಕಹಿಯನ್ನೂ ಬೇರ್ಪಡಿಸಿ ನೋಡಬೇಕೆಂದು ತಂಡಗಳೊಳಗಿನ ಜಗಳವನ್ನು ಅಧ್ಯಯನ ಮಾಡಿದ ಕರೆನ್ ಜೆನ್ 1995ರ ಸಂಶೋಧನೆಯಲ್ಲಿ ತೋರಿಸಿದರು. ಮೊದಲನೆಯದು ಕೆಲವೊಮ್ಮೆ ಕೆಲಸಕ್ಕೆ ಒಳ್ಳೆಯದನ್ನೂ ಮಾಡಬಲ್ಲದು, ಎರಡನೆಯದು ತಂಡವನ್ನು ಕೊರೆಯುತ್ತದೆ. ನಿಮ್ಮದು ವರದಿಯ ಜಗಳವಾಗಿ ಹುಟ್ಟಿ ವ್ಯಕ್ತಿಗಳ ಜಗಳವಾಗಿ ಬೆಳೆದಿದೆ. ಆದ್ದರಿಂದ ವರದಿಯಿಂದಲೇ ಶುರುಮಾಡಿ. "ಅಂದು ನನ್ನನ್ನೇಕೆ ಅವಮಾನಿಸಿದಿರಿ" ಎಂದರೆ ಅವರು ಸಮರ್ಥನೆಗಿಳಿಯುತ್ತಾರೆ. "ಆ ವರದಿಯಲ್ಲಿ ನಿಮಗೆ ಯಾವ ಭಾಗ ಒಪ್ಪಿಗೆಯಾಗಲಿಲ್ಲ, ಹೇಳಿ" ಎಂದರೆ ಉತ್ತರಿಸಲು ಅವರಿಗೊಂದು ದಾರಿ ಇರುತ್ತದೆ. ನೋವಾಗಿದ್ದನ್ನೂ ಹೇಳಿ, ಆದರೆ ಇಬ್ಬರೇ ಇದ್ದಾಗ, ಇಮೇಲ್‌ನಲ್ಲಿ ಖಂಡಿತ ಬೇಡ.

ಮಕ್ಕಳಿಗೂ ವಿಷಯ ತಿಳಿಸಿ: "ಆಫೀಸಿನಲ್ಲಿ ಬೇಜಾರಾಗಿದೆ, ನಿಮ್ಮ ತಪ್ಪಲ್ಲ" ಎಂದರೆ ಸಾಕು.

ಬೈಗುಳ, ಬೆದರಿಕೆ, ಎಲ್ಲರೆದುರು ಪದೇಪದೇ ಹೀಯಾಳಿಕೆ ಇದ್ದಲ್ಲಿ ನಾನು ಹೇಳಿದ್ದು ಯಾವುದೂ ಅನ್ವಯಿಸದು. ಅಲ್ಲಿ ರಾಜಿಯ ಹೊಣೆ ನಿಮ್ಮದಲ್ಲ. ದಿನಾಂಕ ಸಹಿತ ಬರೆದಿಟ್ಟು ಮೇಲಿನವರಿಗೆ ಲಿಖಿತ ದೂರು ಕೊಡಿ. ನಿಮ್ಮ ಪತ್ರದಲ್ಲಿ ಅಂಥದ್ದು ಕಾಣಲಿಲ್ಲ, ಹಾಗಾಗಿ ರಾಜೀನಾಮೆ ಪತ್ರವನ್ನು ಈಗಲೇ ಬರೆಯಬೇಡಿ. ಆ ಒಂದು ಮಾತುಕತೆ ಆಗಲಿ. ಅದಾದ ಮೇಲೂ ಪ್ರತಿ ಬೆಳಗ್ಗೆ ಕಚೇರಿಯ ಬಾಗಿಲಲ್ಲಿ ಎದೆ ಬಿಗಿಯುತ್ತಿದ್ದರೆ, ಬೇರೆ ಕೆಲಸ ಹುಡುಕಲು ನಿಮಗೆ ಯಾವ ಅಳುಕೂ ಬೇಕಿಲ್ಲ.