ಎರಡು ಸೀಮೆಯ ಸಂತೆಗೆ ಒಂದೇ ತೋಟ

ಗಡಿಯಲ್ಲಿದ್ದುಕೊಂಡು ಬೆಳೆದದ್ದನ್ನು ಯಾವ ರಾಜ್ಯಕ್ಕೆ ಮಾರುತ್ತೀರಿ, ಸಂಸಾರ ಸಾಗುವಷ್ಟು ಸಿಗುತ್ತದಾ ಎಂದು ಕೇಳಿದ್ದೀರಿ. ನಮ್ಮದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕು, ನಂಗಲಿ ಕಡೆ. ಹೆದ್ದಾರಿಯಲ್ಲಿ ನಂಗಲಿ ದಾಟಿದರೆ ಆಂಧ್ರ, ಮುಂದೆ ಪಲಮನೇರು. ಹೊಯ್ಸಳರ ಕಾಲಕ್ಕೂ ನಂಗಲಿಯೇ ಮೂಡಣ ಗಡಿ, ಅಷ್ಟು ಹಳೆಯದು ಇದು. ಆದರೆ ಸೊಪ್ಪು ಮಾರುವ ನಮಗೆ ಬೇಕಾದದ್ದು, ಬೆಳಗಿನ ಮೊದಲ ಬಸ್ಸು ಯಾವ ಕಡೆಗೆ ಅನ್ನುವುದಷ್ಟೇ.

ಇರುವುದು ಎರಡು ಎಕರೆ ಹತ್ತು ಗುಂಟೆ. ಅರ್ಧ ಎಕರೆ ಮಾವಿನ ತೋಪು, ಮನೆಗೆ ಒಂದಿಷ್ಟು ರಾಗಿ, ಮಿಕ್ಕದ್ದರಲ್ಲಿ ಟೊಮೆಟೊ, ಬೀನ್ಸು, ಹೀರೇಕಾಯಿ, ಸೊಪ್ಪು. ನಾನು, ನಮ್ಮ ಯಜಮಾನರು, ನಮ್ಮತ್ತೆ ಮೂವರೇ ದುಡಿಯುವವರು. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ನಮ್ಮ ಬೋರು 1,200 ಅಡಿ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಎಷ್ಟೋ ಕೆರೆಗಳಿಗೆ ಬರುತ್ತಿದೆ, ಅಲ್ಲೆಲ್ಲ ಬೋರುಗಳಲ್ಲಿ ನೀರು ಮೇಲೆದ್ದಿದೆ. ನಮ್ಮೂರ ಕೆರೆಗೆ ಮಳೆಯೇ ಗತಿ. ಹಾಗಾಗಿ ಡ್ರಿಪ್ ಇಲ್ಲದೆ ಒಂದು ಸಾಲೂ ಹಾಕುವುದಿಲ್ಲ.

ಕೋಲಾರ ಅಂದರೆ ಟೊಮೆಟೊ ಎಂದು ನಿಮಗೂ ಗೊತ್ತು. ನರ್ಸರಿ ಸಸಿ, ಸಾಲಿಗೆ ಹೊದಿಸುವ ಮಲ್ಚಿಂಗ್ ಪೇಪರು, ಕಡ್ಡಿ, ಕಟ್ಟುವ ದಾರ, ಔಷಧಿ, ಕೂಲಿ ಎಲ್ಲ ಸೇರಿ ಕಾಯಿ ಬಿಡುವ ಮೊದಲೇ ಸಾಲ ನೆತ್ತಿಗೇರಿರುತ್ತದೆ. ಮಂಡಿಯಲ್ಲಿ 15 ಕೆ.ಜಿ. ಬಾಕ್ಸಿನ ಲೆಕ್ಕ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿತ್ತು. ಜನ ರಾತ್ರಿ ತೋಟದಲ್ಲೇ ಮಲಗಿ ಕಾವಲು ಕಾದರು. ನಮ್ಮ ಗಿಡ ಆ ಹೊತ್ತಿಗೆ ಎಲೆ ಮುಟುರು ರೋಗಕ್ಕೆ ಸಿಕ್ಕಿ ಮುದುಡಿತ್ತು, ಕೈಗೆ ಬಂದದ್ದು ಮೂವತ್ತೇ ಬಾಕ್ಸು. ಬೇರೆ ವರ್ಷ ಕಾಯಿ ಜೋರು ಬಿಟ್ಟಾಗ ಬಾಕ್ಸಿಗೆ ಎಪ್ಪತ್ತು ರೂಪಾಯಿ. ಕೀಳುವ ಕೂಲಿಯೂ ಹುಟ್ಟಲಿಲ್ಲ, ಹಸುಗಳಿಗೆ ಸುರಿದೆವು. ಆ ದಿನ ನಮ್ಮ ಯಜಮಾನರು ಊಟ ಮಾಡಲಿಲ್ಲ. ಗಡಿಯಲ್ಲಿರುವ ಅನುಕೂಲ ಒಂದಿದೆ: ನಮ್ಮ ತಾಲ್ಲೂಕಿನ ವಡ್ಡಹಳ್ಳಿ ಮಂಡಿಯಲ್ಲಿ ದರ ಬಿದ್ದರೆ ಆಚೆ ಪಲಮನೇರಿಗೋ ಮದನಪಲ್ಲಿಗೋ ಫೋನ್ ಮಾಡಿ ಕೇಳಬಹುದು. ಬಾಡಿಗೆ ಕಳೆದು ಬಾಕ್ಸಿಗೆ ಇಪ್ಪತ್ತು ಹೆಚ್ಚು ಉಳಿಯುವಂತಿದ್ದರೆ ಗಾಡಿ ಆ ಕಡೆ ತಿರುಗುತ್ತದೆ.

ಮನೆ ನಡೆಸುವುದು ಸೊಪ್ಪು. ಕೊತ್ತಂಬರಿಯನ್ನು ಬಿಸಿಲಿಳಿದ ಮೇಲೆ, ಸಂಜೆ ಕೀಳಬೇಕು. ಬೇರಿಗಂಟಿದ ಮಣ್ಣು ಉದುರುವಂತೆ ಮಣಿಕಟ್ಟಿನ ಮೇಲೆ ಎರಡು ಸಲ ತಟ್ಟಿ, ನೆನೆಸಿದ ಬಾಳೆನಾರಿನಿಂದ ಕಟ್ಟು ಕಟ್ಟುತ್ತೇವೆ. ನಮ್ಮತ್ತೆಗೆ ಒಂದು ಹಿಡಿಯೆಂದರೆ ಒಂದು ಕಟ್ಟು, ತೂಗಿದರೂ ಹೆಚ್ಚುಕಮ್ಮಿ ಇರುವುದಿಲ್ಲ. ನನ್ನ ಕೈ ಇನ್ನೂ ಆ ಅಳತೆಗೆ ಬಂದಿಲ್ಲ, ನಾನು ಕಟ್ಟಿದ್ದನ್ನು ಅವರು ಬಿಚ್ಚಿ ಮತ್ತೆ ಕಟ್ಟುತ್ತಾರೆ. ಬೇರನ್ನೆಲ್ಲ ಒಳಮುಖ ಮಾಡಿ ಜೋಡಿಸಿ, ಮೇಲೆ ಒದ್ದೆ ಗೋಣಿತಾಟು ಹೊದಿಸಿದರೆ ಬೆಳಗಿನವರೆಗೆ ನಳನಳಿಸುತ್ತದೆ. ನೀರು ಹೆಚ್ಚಾದರೆ ಒಳಗೆ ಬಿಸಿಯಾಗಿ ಕೊಳೆಯುತ್ತದೆ. ಮೂರು ಗಂಟೆಗೆ ಎದ್ದು, ಐದರ ಹೊತ್ತಿಗೆ ಸಂತೆಯಲ್ಲಿರಬೇಕು.

ಸಂತೆಯಲ್ಲಿ ಒಬ್ಬರು "ಅಕ್ಕಾ, ಕೊತ್ತಿಮೀರ ಕಟ್ಟ ಎಂತ?" ಅನ್ನುತ್ತಾರೆ, ಪಕ್ಕದವರು "ಎಷ್ಟಮ್ಮಾ ಕಟ್ಟು?" ಅನ್ನುತ್ತಾರೆ. ಯಾರು ಯಾವ ಮಾತಲ್ಲಿ ಕೇಳಿದರೆ ಅದರಲ್ಲೇ ಉತ್ತರ. ನಮ್ಮತ್ತೆ ಪಲಮನೇರು ಕಡೆಯವರು, ಈ ಮನೆ ತುಂಬಿ ನಲವತ್ತು ವರ್ಷವಾದರೂ ದುಡ್ಡು ಎಣಿಸುವುದು ತೆಲುಗಿನಲ್ಲೇ. ನನ್ನ ಮಗಳು ಶಾಲೆಯ ಮಗ್ಗಿ ಕನ್ನಡದಲ್ಲಿ ಹೇಳಿ, ಅಜ್ಜಿಗೆ ಚಿಲ್ಲರೆ ತೆಲುಗಿನಲ್ಲಿ ಕೊಡುತ್ತಾಳೆ.

ಗಡಿ ನಿಜವಾಗಿ ಕಣ್ಣಿಗೆ ಬಿದ್ದದ್ದು 2025ರ ಜೂನ್‌ನಲ್ಲಿ. ಇಲ್ಲಿನ ತೋತಾಪುರಿ ಮಾವು ಮೊದಲಿಂದಲೂ ಚಿತ್ತೂರು ಕಡೆಯ ತಿರುಳು ಕಾರ್ಖಾನೆಗಳಿಗೆ ಹೋಗುತ್ತಿತ್ತು. ಆ ಹಣ್ಣಿಗೆ ಅಲ್ಲಿನವರು ಕರೆಯುವ ಹೆಸರೂ 'ಬೆಂಗಳೂರಾ'. ಆ ತಿಂಗಳು ಕರ್ನಾಟಕದ ತೋತಾಪುರಿ ಚಿತ್ತೂರು ಜಿಲ್ಲೆಗೆ ಬರಬಾರದೆಂದು ತಡೆಯಾಯಿತು, ನಮ್ಮ ಮುಖ್ಯಮಂತ್ರಿಗಳು ಅಲ್ಲಿನ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು. ಆ ಕಡೆಯ ರೈತರಿಗೂ ಬೆಲೆ ಕುಸಿದಿತ್ತು, ಅವರ ಸಂಕಟ ಸುಳ್ಳಲ್ಲ. ನಮ್ಮತ್ತೆಯ ತಮ್ಮನೇ ಅವರಲ್ಲೊಬ್ಬ. ಆದರೂ ಮರದ ಬುಡದಲ್ಲಿ ಕೊಳೆತ ಹಣ್ಣಿನ ವಾಸನೆ ಹದಿನೈದು ದಿನ ಮನೆಯೊಳಗಿತ್ತು.

ನೀವು ಬರುವುದಾದರೆ ಡಿಸೆಂಬರಿನಲ್ಲಿ ಬನ್ನಿ, ಅವರೆ ಕಾಲಕ್ಕೆ. ಇಬ್ಬನಿ ಬಿದ್ದ ಕಾಯಿಯ ಸೊಗಡು ಸಂತೆಗೆ ಕಾಲಿಡುವ ಮೊದಲೇ ಮೂಗಿಗೆ ಬರುತ್ತದೆ. ಕೈಗೆ ಜಿಗುಟು ಹತ್ತಬೇಕು, ಅಂಥದ್ದನ್ನೇ ಆರಿಸಿಕೊಳ್ಳಿ. ನಾವು ಹಿತಕಿದ ಬೇಳೆ ಅನ್ನುವುದನ್ನು ಆಚೆಯವರು ಪಿತಿಕಿನ ಪಪ್ಪು ಅನ್ನುತ್ತಾರೆ, ನೆನೆಸಿ ಹಿಸುಕಿ ಸಿಪ್ಪೆ ಬಿಡಿಸುವ ಕೆಲಸ ಎರಡೂ ಕಡೆ ಒಂದೇ. ಈ ಸಲ ಟೊಮೆಟೊ ಹತ್ತು ಗುಂಟೆ ಇಳಿಸಿ ಅಲ್ಲಿ ಅವರೆ ಹಾಕಿದ್ದೇವೆ. ಹೂ ಕಚ್ಚಿದೆ.